ಈಜುಕೊಳದ ಸುತ್ತ ಯಾವ ನೆಲ: ಟೈಲ್ಸ್, ಗ್ರಾನೈಟ್, ರಬ್ಬರ್, ಕೃತಕ ಹುಲ್ಲು

ವಾಕರ್ ಹಿಡಿದು ನಡೆಯುವ ಅಮ್ಮ ಮತ್ತು ಗಾಲಿಕುರ್ಚಿಯಲ್ಲಿ ಓಡಾಡುವ ಭಾವ ಬಳಸುವ ಈಜುಕೊಳದ ಸುತ್ತ ಬೇರೆ ಬೇರೆ ನೆಲಗಳನ್ನು ಹಾಕಿಸಿ ನೋಡಿದ ಮೇಲೆ, ನಮ್ಮ ಮನೆಯಲ್ಲಿ ಉಳಿದದ್ದು ಗಿಡ್ಡ ಎಳೆಯ ಕೃತಕ ಹುಲ್ಲು. ಮೈಸೂರಿನ ಹೊರವಲಯದಲ್ಲಿರುವ ಮನೆಯ ಹಿತ್ತಿಲಿನ ಈ ಸಣ್ಣ ಕೊಳವನ್ನು ಅಮ್ಮನ ಮೊಣಕಾಲು ಸವೆತಕ್ಕಾಗಿಯೇ ಕಟ್ಟಿಸಿದೆವು. ಸೊಂಟದ ಮಟ್ಟದ ನೀರಿನಲ್ಲಿ ನಿಂತಾಗ ಕಾಲಿನ ಮೇಲೆ ಬೀಳುವ ಮೈಭಾರ ಸುಮಾರು ಅರ್ಧಕ್ಕೆ ಇಳಿಯುವುದರಿಂದ, ಅಂಗಳದಲ್ಲಿ ಆಗದ ನಡಿಗೆ ಅವರಿಗೆ ಅಲ್ಲಿ ಆಗುತ್ತದೆ. ಅಪಾಯವಿರುವುದು ನೀರಿನಿಂದ ಮೇಲೆ ಬಂದು, ಒದ್ದೆ ಕಾಲಿನಲ್ಲಿ ಬಾಗಿಲವರೆಗೆ ನಡೆಯುವ ದಾರಿಯಲ್ಲಿ.

ಮೊದಲು ಅಲ್ಲಿದ್ದದ್ದು ಆಂಟಿ ಸ್ಕಿಡ್ ಟೈಲ್ಸ್. ಅಂಗಡಿಯಲ್ಲಿ ‘ಆರ್ 11’ ಎಂಬ ಗುರುತನ್ನು ತೋರಿಸಿ ಜಾರುವುದಿಲ್ಲ ಎಂದು ಭರವಸೆ ಕೊಡುತ್ತಾರೆ. ಆದರೆ ಜರ್ಮನಿಯಲ್ಲಿ ರೂಪುಗೊಂಡ ಆ ಪರೀಕ್ಷೆಯಲ್ಲಿ ಬೂಟು ತೊಟ್ಟವರು ಎಣ್ಣೆ ಸವರಿದ ಇಳಿಜಾರಿನ ಮೇಲೆ ನಡೆಯುತ್ತಾರೆ. ಬರಿಗಾಲಿಗೆ ಮತ್ತು ನೀರಿಗೆ ಸಂಬಂಧಿಸಿದ ಪರೀಕ್ಷೆಯೇ ಬೇರೆ. ಅದರ ದರ್ಜೆಗಳು ಎ, ಬಿ, ಸಿ ಎಂದಿವೆ, ಮತ್ತು ಕೊಳದ ಸುತ್ತಲಿನ ನೆಲಕ್ಕೆ 18 ಡಿಗ್ರಿ ಇಳಿಜಾರಿನವರೆಗೂ ಕಾಲು ಜಾರದ ‘ಬಿ’ ದರ್ಜೆಯನ್ನು ಕೇಳಬೇಕು. ಟೈಲ್ಸ್ ಆರಿಸುವವರು ಈ ಅಕ್ಷರವನ್ನು ಕೇಳದೆ ಹಣ ಕೊಡಬಾರದು.

ಬೆಂಗಳೂರಿನ ಸುತ್ತ ಸಿಗುವ ಬೂದು ಬಣ್ಣದ ಸಾದರಹಳ್ಳಿ ಗ್ರಾನೈಟನ್ನು ಫ್ಲೇಮ್ ಫಿನಿಶ್ ಮಾಡಿಸಿ ಹಾಕಿದ ಭಾಗವು ಬಲವಾದ ಸ್ಪರ್ಧಿಯಾಗಿತ್ತು. ಬೆಂಕಿಯ ಕಾವಿಗೆ ಕಲ್ಲಿನ ಮೇಲ್ಪದರದ ಹರಳುಗಳು ಸಿಡಿದು ಮೈ ತರಿತರಿಯಾಗುವುದರಿಂದ ಒದ್ದೆಯಾದಾಗಲೂ ಹಿಡಿತ ತಪ್ಪುವುದಿಲ್ಲ. ಗಾಲಿಕುರ್ಚಿಯೊಂದನ್ನೇ ಲೆಕ್ಕಕ್ಕೆ ಹಿಡಿದರೆ ಇದೇ ಮೇಲು ಎಂದು ಭಾವ ಇಂದಿಗೂ ಹೇಳುತ್ತಾರೆ, ಅದು ನಿಜ. ಆದರೆ ನೀರಿನಲ್ಲಿ ನೆನೆದು ಮೆತ್ತಗಾದ ಅಮ್ಮನ ಪಾದಕ್ಕೆ ಆ ತರಿ ಚುಚ್ಚುತ್ತಿತ್ತು, ಮತ್ತು ನೋವಿನಿಂದ ಅವರು ಹೆಜ್ಜೆಯನ್ನು ಅರ್ಧಕ್ಕೇ ಎತ್ತಿಕೊಳ್ಳುತ್ತಿದ್ದರು. ವಾಕರ್ ಹಿಡಿದವರು ಹಾಗೆ ನಡೆಯುವುದನ್ನು ನೋಡಿದ ಮೇಲೆ ಆ ಕಲ್ಲನ್ನು ಮುಂದುವರಿಸುವ ಮನಸ್ಸಾಗಲಿಲ್ಲ. ಇಪಿಡಿಎಂ ಎಂಬ ಕೃತಕ ರಬ್ಬರಿನ ನೆಲ ಕಾಲಿಗೆ ಹಿತವಾಗಿಯೇ ಇತ್ತು, ಆದರೆ ಬೆಲೆ ನಮ್ಮ ಕೈಗೆ ಎಟುಕುವಂತಿರಲಿಲ್ಲ.

ಕೃತಕ ಹುಲ್ಲಿನಲ್ಲಿ ಎರಡು ಜಾತಿಗಳನ್ನು ಬೇರ್ಪಡಿಸಿ ನೋಡಬೇಕು. ಹೆಚ್ಚು ಮಾರಾಟವಾಗುವ 35–40 ಮಿಲಿಮೀಟರ್ ಎತ್ತರದ ಹುಲ್ಲು ಫೋಟೊದಲ್ಲಿ ಚೆಂದ ಕಾಣುತ್ತದೆ, ಆದರೆ ಅದರಲ್ಲಿ ಗಾಲಿಕುರ್ಚಿಯ ಮುಂದಿನ ಚಿಕ್ಕ ಚಕ್ರಗಳು ಹೂತುಕೊಳ್ಳುತ್ತವೆ. ಅಲ್ಲದೆ ಎಳೆಗಳೆಲ್ಲ ಒಂದೇ ಕಡೆಗೆ ಬಾಗಿರುವುದರಿಂದ, ನೇರಕ್ಕೆ ತಳ್ಳಿದ ಕುರ್ಚಿ ಆ ಬಾಗಿನತ್ತ ವಾಲುತ್ತದೆ. ಬಾಗು ಕೊಳದ ಕಡೆಗಿದ್ದರೆ ಏನಾಗಬಹುದೆಂದು ವಿವರಿಸಬೇಕಾಗಿಲ್ಲ. ಅಂಗವಿಕಲರಿಗಾಗಿ ಇರುವ ಅಮೆರಿಕದ ಸುಗಮ ಪ್ರವೇಶ ನಿಯಮಗಳು ಕಾರ್ಪೆಟ್ಟಿನ ಎಳೆ 13 ಮಿಲಿಮೀಟರ್ ಮೀರಬಾರದು ಎನ್ನುತ್ತವೆ, ಮತ್ತು ಆ ಅಳತೆಯೇ ನನಗೆ ದಾರಿ ತೋರಿಸಿತು. ಗಾಲ್ಫ್ ಪಟಿಂಗ್‌ಗೆ, ಅಂದರೆ ಚೆಂಡನ್ನು ಕುಳಿಯತ್ತ ಮೆಲ್ಲಗೆ ಉರುಳಿಸುವ ಜಾಗಕ್ಕೆ ಬಳಸುವ, ಗುಂಗುರು ಎಳೆಗಳ ಸುಮಾರು 12 ಮಿಲಿಮೀಟರಿನ ದಟ್ಟ ಹುಲ್ಲಿಗೆ ಒಂದು ಕಡೆಯ ಬಾಗು ಇರುವುದಿಲ್ಲ. ಅದರ ಮೇಲೆ ವಾಕರ್ ಸಲೀಸಾಗಿ ಸಾಗುತ್ತದೆ, ಕುರ್ಚಿ ತಳ್ಳಲು ಸ್ವಲ್ಪವೇ ಹೆಚ್ಚು ಬಲ ಬೇಕು.

ಇದರಲ್ಲಿ ನಮ್ಮನ್ನು ಕಾಡಿದ್ದು ಒಂದೇ ವಿಷಯ, ಹುಲ್ಲಿನ ಅಡಿಯಲ್ಲಿ ನಿಲ್ಲುವ ನೀರು. ಹುಲ್ಲಿನ ಹಿಂಬದಿಯಲ್ಲಿ ನೀರು ಇಳಿಯಲೆಂದು ಸಾಲಾಗಿ ತೂತುಗಳಿರುತ್ತವೆ, ಅದನ್ನು ತೋರಿಸಿಯೇ ಮಾರುತ್ತಾರೆ. ಆದರೆ ತೂತಿನಿಂದ ಇಳಿದ ನೀರು ಮುಂದೆ ಎಲ್ಲಿಗೆ ಹೋಗಬೇಕೆಂಬುದನ್ನು ಹಾಕುವವರು ಯೋಚಿಸಿರಲಿಲ್ಲ. ಹಳೆಯ ಕಾಂಕ್ರೀಟ್ ಮಟ್ಟಸವಾಗಿತ್ತು, ಅದರ ಮೇಲೆ ಒಂದಿಂಚೂ ಬಿಡದಂತೆ ಅಂಟು ಬಳಿದು ಹುಲ್ಲನ್ನು ಒತ್ತಿದ್ದರು. ಮಳೆಗಾಲ ಹಿಡಿದ ಮೇಲೆ ಕೆಳಗಿನ ಪಸೆ ಆರಲೇ ಇಲ್ಲ. ಮುಗ್ಗಲು ವಾಸನೆ ಬಂತು, ಅಂಚುಗಳು ಎದ್ದವು, ನೆರಳಿರುವ ಮೂಲೆಯಲ್ಲಿ ಎಳೆಗಳ ಬುಡಕ್ಕೆ ಪಾಚಿ ಹಿಡಿದು ಲೋಳೆಯಾಯಿತು. ಜಾರದಿರಲೆಂದು ಹಾಕಿಸಿದ ನೆಲವೇ ಜಾರತೊಡಗಿದಾಗ ಅಮ್ಮನನ್ನು ಕೊಳದ ಕಡೆಗೆ ಬಿಡುವುದನ್ನು ನಿಲ್ಲಿಸಬೇಕಾಯಿತು. ಎದ್ದ ಅಂಚು ಇನ್ನೂ ಕೆಟ್ಟದ್ದು, ಏಕೆಂದರೆ ವಾಕರ್‌ನ ಕಾಲು ಅದಕ್ಕೆ ಸಿಕ್ಕಿಕೊಂಡರೆ ಹಿಡಿದವರು ಮುಂದಕ್ಕೆ ಬೀಳುತ್ತಾರೆ.

ಸರಿಪಡಿಸಿದ್ದು ನಮ್ಮ ಊರಿನ ಗಾರೆ ಮೇಸ್ತ್ರಿ. ಅವರು ಹುಲ್ಲನ್ನು ಪೂರ್ತಿ ಕಿತ್ತು, ನೆಲಕ್ಕೆ ಹೊಸದಾಗಿ ಸಿಮೆಂಟು ಹಾಕಿ, ಕೊಳಕ್ಕೆ ಬೆನ್ನಾಗಿ ಮೀಟರಿಗೆ ಸುಮಾರು 15 ಮಿಲಿಮೀಟರ್ ವಾಟ ಕೊಟ್ಟರು. ಅದಕ್ಕಿಂತ ಹೆಚ್ಚು, ಅಂದರೆ ಮೀಟರಿಗೆ 20 ಮಿಲಿಮೀಟರ್ ದಾಟಿದರೆ, ಅಡ್ಡಕ್ಕೆ ಸಾಗುವ ಗಾಲಿಕುರ್ಚಿ ಇಳಿಜಾರಿಗೆ ಎಳೆಯತೊಡಗುತ್ತದೆ. ಅಂಟನ್ನು ವಾಟದ ದಿಕ್ಕಿನಲ್ಲೇ ಪಟ್ಟಿಪಟ್ಟಿಯಾಗಿ ಎಳೆಸಿದ್ದರಿಂದ ಪಟ್ಟಿಗಳ ನಡುವೆ ನೀರು ಹರಿಯಲು ದಾರಿಯಾಯಿತು, ಕೊನೆಗೆ ಜಾಲರಿ ಮುಚ್ಚಿದ ಮೋರಿಯನ್ನು ಸೇರಿತು. ಅಂಚುಗಳಿಗೆ ಮಾತ್ರ ಪೂರ್ತಿ ಅಂಟು ಬಳಿದು, ಕೊಳದ ಅಂಚುಗಲ್ಲಿನ ಮಟ್ಟಕ್ಕೆ ಸಮನಾಗಿ ಕೂರಿಸಿದರು. ಹಿಂಬದಿಗೆ ಲ್ಯಾಟೆಕ್ಸ್ ಬದಲು ಪಾಲಿಯುರೆಥೇನ್ ಲೇಪವಿರುವ ಹುಲ್ಲನ್ನೇ ಕೇಳಿ ತಂದೆವು, ಅದು ನೀರು ಹೀರುವುದಿಲ್ಲ. ಹುಲ್ಲಿನ ಗುಣಮಟ್ಟವನ್ನು ವಿಚಾರಿಸುವಷ್ಟೇ ಆಸಕ್ತಿಯಿಂದ ಈ ವಾಟವನ್ನೂ ಎಲ್ಲರೂ ವಿಚಾರಿಸಬೇಕೆಂದು ನನ್ನ ಆಸೆ.

ಹುಲ್ಲು ಹಾಸಿದ ನೆಲ ಬಿದ್ದವರನ್ನು ಕಾಯುತ್ತದೆಂಬ ನಂಬಿಕೆಯೂ ಇದೆ. ಕಾಂಕ್ರೀಟಿಗೆ ಅಂಟಿಸಿದ 12 ಮಿಲಿಮೀಟರಿನ ಹುಲ್ಲು ತಲೆಗೆ ಬೀಳುವ ಪೆಟ್ಟನ್ನು ತಡೆಯುವುದಿಲ್ಲ. ಕೆಳಗೆ ಫೋಮ್ ಹಾಸಿದರೆ ಪೆಟ್ಟು ತಗ್ಗುತ್ತದೆ, ಆದರೆ ಚಕ್ರ ಮತ್ತೆ ಹೂತುಕೊಳ್ಳುತ್ತದೆ ಮತ್ತು ವಾಕರ್‌ನ ಹಿಡಿತ ಸಡಿಲವಾಗುತ್ತದೆ. ನಾವು ಬೀಳದಂತೆ ನೋಡಿಕೊಳ್ಳುವುದನ್ನೇ ಆರಿಸಿಕೊಂಡು, ಬಾಗಿಲಿನಿಂದ ಕೊಳದ ಮೆಟ್ಟಿಲಿನವರೆಗೆ ಹಿಡಿದು ನಡೆಯಲು ಸ್ಟೀಲ್ ಕಂಬಿ ಹಾಕಿಸಿದೆವು. ಎಳೆಗಳು ನೆಟ್ಟಗೆ ನಿಲ್ಲಲೆಂದು ಅವುಗಳ ನಡುವೆ ತುಂಬುವ ಸಿಲಿಕಾ ಮರಳನ್ನು ಕೊಳದ ಪಕ್ಕದ ಒಂದು ಮೀಟರಿನಲ್ಲಿ ತುಂಬಿಸಲಿಲ್ಲ, ತುಂಬಿಸಿದರೆ ಅದು ಕಾಲಿಗೆ ಅಂಟಿ ಫಿಲ್ಟರ್ ಸೇರುತ್ತದೆ. ಕೊಳದ ನೀರಿನಲ್ಲಿರುವ ಕ್ಲೋರಿನ್‌ನಿಂದ ಹುಲ್ಲಿಗೆ ತೊಂದರೆಯಾಗಿಲ್ಲ. ಮಕ್ಕಳಿರುವ ಮನೆಗೆ ಯಾವ ನೆಲ ಹಾಕಿದರೂ ಬೇಲಿ ಮತ್ತು ತಾನಾಗಿ ಮುಚ್ಚುವ ಗೇಟು ಬೇಕೇ ಬೇಕು.

ಉಳಿದದ್ದು ಬಿಸಿಲು. ಪ್ಲಾಸ್ಟಿಕ್ ಎಳೆಗಳು ನಿಜವಾದ ಹುಲ್ಲಿನಂತೆ ನೀರಾವಿ ಬಿಟ್ಟು ತಣ್ಣಗಾಗುವುದಿಲ್ಲ, ಕಡು ಬಿಸಿಲಿನಲ್ಲಿ ಅವುಗಳ ಮೈ 60 ಡಿಗ್ರಿ ಸೆಲ್ಸಿಯಸ್ ದಾಟಬಲ್ಲದು. ನೀರು ಚಿಮುಕಿಸಿದರೆ ತಂಪು ಸ್ವಲ್ಪ ಹೊತ್ತು ಮಾತ್ರ ನಿಲ್ಲುತ್ತದೆ. ನಮ್ಮ ಮನೆಯವರು ಬೆಳಗಿನ ಹೊತ್ತು ಮತ್ತು ಸಂಜೆ ಐದರ ನಂತರವೇ ನೀರಿಗೆ ಇಳಿಯುವುದರಿಂದ ಇದು ನಮಗೆ ತಟ್ಟಲಿಲ್ಲ, ಮತ್ತು ವಾಟ ಸರಿಪಡಿಸಿದ ಖರ್ಚು ಸೇರಿಸಿದರೂ ರಬ್ಬರಿಗೆ ಕೇಳಿದ ಹಣಕ್ಕಿಂತ ಕಡಿಮೆಯಲ್ಲೇ ಮುಗಿಯಿತು. ಏಪ್ರಿಲ್ ಮಧ್ಯಾಹ್ನದಲ್ಲಿ ಬರಿಗಾಲಿನಲ್ಲಿ ಓಡಾಡುವ ಮನೆಯವರು, ಅಥವಾ ನಡೆಯುವವರಿಲ್ಲದೆ ಗಾಲಿಕುರ್ಚಿಯವರು ಮಾತ್ರ ಇರುವವರು, ನೆರಳಿಗೆ ಚಪ್ಪರ ಹಾಕಿಸಿ ಗ್ರಾನೈಟಿಗೇ ಹೋಗುವುದು ಒಳ್ಳೆಯದು.