ರೂನ್ ಲಿಪಿಯ ‘ಸ್ಯಾಕ್ಸನ್’ ಉಂಗುರ ಕೊಳ್ಳುವ ಮುಂಚೆ ದಯವಿಟ್ಟು ಇದನ್ನ ಓದಿ

ಇಂಗ್ಲೆಂಡಿನಲ್ಲಿರೋ ಕನ್ನಡದವರೇ, ಅದರಲ್ಲೂ ಭಾನುವಾರದ ಆಂಟಿಕ್ ಸಂತೆಗಳಿಗೆ ಹೋಗೋರೇ, ರೂನ್ ಅಕ್ಷರ (ಸ್ಯಾಕ್ಸನ್ನರ ಕಾಲದ, ಅಂದ್ರೆ ಸಾವಿರ ವರ್ಷಕ್ಕೂ ಹಿಂದಿನ ಇಂಗ್ಲೆಂಡಿನ ಹಳೇ ಲಿಪಿ) ಕೆತ್ತಿದ ಬೆಳ್ಳಿ ಉಂಗುರವನ್ನ ‘9ನೇ ಶತಮಾನದ್ದು’ ಅಂತ ಯಾರಾದರೂ ಕೈಗಿಟ್ಟರೆ ದುಡ್ಡು ತೆಗೀಬೇಡಿ. ನನಗೆ ಟೋಪಿ ಹಾಕಿದ್ದಾರೆ. ಒಂದು ತಿಂಗಳ ಮನೆ ಬಾಡಿಗೆಗಿಂತ ಜಾಸ್ತಿ ಹೋಯಿತು. ಮನೆಯಲ್ಲಿ ಹೇಳೋಕೇ ನಾಚಿಕೆ ಆಗ್ತಿದೆ.

ಮಾರಿದ ಮನುಷ್ಯನ ಮಾತೋ, ಬೆಣ್ಣೆ. ಲಿಂಕನ್‌ಶೈರಿನ ಹೊಲವೊಂದರಲ್ಲಿ ಮೆಟಲ್ ಡಿಟೆಕ್ಟರ್ ಇಟ್ಟುಕೊಂಡು ಹುಡುಕೋ ಪರಿಚಯದವರಿಗೆ ಈಚೆಗೆ ಸಿಕ್ಕಿದ್ದಂತೆ. ರಕ್ತ ನಿಲ್ಲಿಸೋ ಮಂತ್ರವಂತೆ. ಇಂಥದ್ದು ಜಗತ್ತಿನಲ್ಲಿ ಇನ್ನೊಂದಿಲ್ಲವಂತೆ. ನಗದು ಕೊಟ್ಟರೆ ಬೆಲೆ ಇಳಿಸ್ತೀನಿ ಅಂದ, ಕೊಟ್ಟೆ.

ಮನೆಗೆ ಬಂದು ಭೂತಗನ್ನಡಿ ಹಿಡಿದು ಒಂದೊಂದೇ ಅಕ್ಷರ ಬರೆದುಕೊಂಡೆ. ಒಟ್ಟು 30. ಹುಡುಕಿದರೆ ಅದೇ ಸಾಲು ಕಣ್ಣೆದುರಿಗೆ ಬಂತು: ಕಿಂಗ್‌ಮೂರ್ ಉಂಗುರ. 1817ರಲ್ಲಿ ಕಾರ್ಲೈಲ್ ಹತ್ತಿರ ಸಿಕ್ಕಿದ್ದು, ಚಿನ್ನದ್ದು, ಈಗ ಬ್ರಿಟಿಷ್ ಮ್ಯೂಸಿಯಂ ಸ್ವತ್ತು. ಅದೇ 30 ಅಕ್ಷರ, ಅದೇ ಕ್ರಮ. ಆದರೆ ಅಸಲಿಯಲ್ಲಿ 27 ಅಕ್ಷರ ಹೊರಮೈಯಲ್ಲಿವೆ, ಕೊನೆಯ 3 ಉಂಗುರದ ಒಳಗಡೆ. ನನ್ನದರಲ್ಲಿ ಮೂವತ್ತೂ ಹೊರಗೇ! ಕೊನೆಯ ಮೂರಕ್ಕೆ ಜಾಗ ಸಾಲದೆ ಒಂದರ ಮೈಮೇಲೆ ಒಂದು ಬಿದ್ದ ಹಾಗೆ ತುರುಕಿದ್ದಾರೆ. ಎಲ್ಲೋ ಒಂದೇ ಸಾಲಲ್ಲಿ ಅಚ್ಚಾಗಿದ್ದನ್ನ ನೋಡಿ ಉಂಗುರಕ್ಕೆ ಸುತ್ತಿದ್ದಾರೆ, ಅಷ್ಟೇ. ಅದನ್ನ ನೋಡಿದಾಗ ಮೈಯೆಲ್ಲ ಉರಿದುಹೋಯಿತು.

ಆಮೇಲೆ ಎಲ್ಲವೂ ಕಾಣತೊಡಗಿತು. ಅಕ್ಷರದ ಅಂಚು ಉಳಿಯಿಂದ ಕೊರೆದ ಹಾಗೆ ಚೂಪಾಗಿಲ್ಲ, ಸೋಪಿನ ಥರ ಮೊಂಡು. ಗೆರೆಗಳೊಳಗೆ ಸಣ್ಣ ಸಣ್ಣ ಗುಳಿ, ಅಚ್ಚಿಗೆ ಎರಕ ಹೊಯ್ದಾಗ ಗಾಳಿ ಸಿಕ್ಕಿಕೊಂಡ ಗುರುತು. ಸಂದಿಯ ‘ಸಾವಿರ ವರ್ಷದ ಕಪ್ಪು’ ಸ್ಪಿರಿಟ್ ಹಚ್ಚಿದ ಹತ್ತಿಗೆ ಹಾಗೇ ಬಂತು.

ಇದನ್ನೆಲ್ಲ ಮಾರಿದವನಿಗೆ ಬರೆದೆ. ಇನ್ನು ಅವನ ಉತ್ತರಗಳು. ಮೊದಲನೇ ಮೇಲ್: ‘ಅಭಿನಂದನೆಗಳು! ಬ್ರಾಮ್‌ಹ್ಯಾಮ್ ಮೂರ್ ಉಂಗುರದ ಮೇಲೂ ಇದೇ ಮಂತ್ರ ಇದೆ. ನಿಮ್ಮದು ಮೂರನೆಯದು, ಬೆಲೆ ಇನ್ನೂ ಏರುತ್ತೆ.’ ಬ್ರಾಮ್‌ಹ್ಯಾಮ್ ಮೂರ್ ಉಂಗುರ ಇರೋದು ನಿಜ, ಕೋಪನ್‌ಹೇಗನ್ನಿನ ರಾಷ್ಟ್ರೀಯ ಮ್ಯೂಸಿಯಂನಲ್ಲಿದೆ. ನಿಜದ ಜೊತೆ ಸುಳ್ಳು ಬೆರೆಸೋದು ಅಂದ್ರೆ ಇದು. ಹಾಗಾದರೆ ‘ಇನ್ನೊಂದಿಲ್ಲ’ ಅಂದಿದ್ದೇನು? ಅದಕ್ಕೆ ಉತ್ತರವಿಲ್ಲ.

ನಾನು ಬಿಡಲಿಲ್ಲ. ಇಲ್ಲಿನ 1996ರ ಟ್ರೆಷರ್ (ನಿಧಿ) ಕಾಯ್ದೆ ಪ್ರಕಾರ 300 ವರ್ಷಕ್ಕಿಂತ ಹಳೆಯ ಬೆಳ್ಳಿ ಉಂಗುರ ನೆಲದಲ್ಲಿ ಸಿಕ್ಕರೆ 14 ದಿನದೊಳಗೆ ಇಂಥ ನಿಧಿಯ ವಿಚಾರಣೆ ಮಾಡೋ ಅಧಿಕಾರಿಯಾದ ಕೊರೋನರ್‌ಗೆ ತಿಳಿಸಲೇಬೇಕು. ಆ ಕಾಗದ ಎಲ್ಲಿ ಅಂತ ಕೇಳಿದೆ. ತಕ್ಷಣ ರಾಗ ಬದಲಾಯಿತು: ‘ಇದು ಹಳೇ ಸಂಗ್ರಹದ್ದು, 1970ರ ದಶಕದಲ್ಲಿ ಸಿಕ್ಕಿದ್ದು, ಆಗ ಕಾಗದ ಯಾರು ಇಡ್ತಿದ್ದರು?’ ಈಚೆಗೆ ಹೊಲದಲ್ಲಿ ಸಿಕ್ಕಿದ್ದು ರಾತ್ರೋರಾತ್ರಿ 1970ರ ದಶಕಕ್ಕೆ ಹೋಯಿತು! ಆ ಕಾಯ್ದೆ ಜಾರಿಗೆ ಬಂದಿದ್ದು 1997ರ ಸೆಪ್ಟೆಂಬರ್‌ನಲ್ಲಿ, ಅದಕ್ಕೇ ಈ ‘ಹಳೇ ಸಂಗ್ರಹ’ದ ಕಥೆ. ಕೊನೆಯ ಮೇಲ್: ‘ಬಿಲ್ಲಿನಲ್ಲಿ ಅಕ್ಷರವಿರುವ ಬೆಳ್ಳಿ ಉಂಗುರ ಅಂತ ಮಾತ್ರ ಇದೆ. ನೋಡಿಯೇ ತಗೊಂಡಿದ್ದೀರಿ.’ ಬಿಲ್ ತೆಗೆದು ನೋಡಿದೆ. ಶತಮಾನವೂ ಇಲ್ಲ, ಊರೂ ಇಲ್ಲ. ಬಾಯಲ್ಲಿ ಹೇಳಿದ್ದೆಲ್ಲ ಬಾಯಲ್ಲೇ. ಆಮೇಲೆ ಮೇಲ್‌ಗೂ ಉತ್ತರವಿಲ್ಲ, ಫೋನೂ ಎತ್ತಲ್ಲ.

ಕೊಳ್ಳಲೇಬೇಕು ಅನ್ನೋರು ಕಾಲ, ಸಿಕ್ಕ ಜಾಗ ಎರಡನ್ನೂ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಬರೆಯಲ್ಲ ಅಂದರೆ ಎದ್ದು ಬನ್ನಿ. ಅಕ್ಷರಗಳನ್ನ ಅಲ್ಲೇ ನಿಂತು ಮ್ಯೂಸಿಯಂ ಫೋಟೋಗಳ ಜೊತೆ ಹೋಲಿಸಿ, ಅವನು ಏನೇ ಅಂದುಕೊಳ್ಳಲಿ. ನಗದು ಬೇಡವೇ ಬೇಡ. ಕ್ರೆಡಿಟ್ ಕಾರ್ಡಿನಲ್ಲಿ ಕೊಡಿ, 100 ಪೌಂಡ್ ದಾಟಿದ ವಸ್ತುವಾದರೆ ಕಾರ್ಡ್ ಕಂಪನಿಯೂ ಹೊಣೆ ಹೊರಬೇಕಾಗುತ್ತೆ.

ದೂರು ಕೊಟ್ಟಿದ್ದೇನೆ. ಅವನ ಮೇಜಿನ ಮೇಲೆ ಇಂಥವೇ ಇನ್ನೂ ಕೆಲವು ಉಂಗುರ ಇದ್ದವು. ನಿಮ್ಮಲ್ಲಿ ಯಾರಾದರೂ ಮೂವತ್ತೂ ಅಕ್ಷರ ಹೊರಗೇ ಇರೋ ಉಂಗುರ ಕೊಂಡಿದ್ದರೆ ಬಿಲ್ ಸಮೇತ ನನಗೆ ತಿಳಿಸಿ, ದೂರಿಗೆ ಸೇರಿಸ್ತೀನಿ.