ಕ್ಯಾಮೆರಾ ಹಾಕಿಸುವವರು ಮೊದಲು ಡಿವಿಆರ್ ಯಾರ ಖಾತೆಯಲ್ಲಿದೆ ಎಂದು ನೋಡಿಕೊಳ್ಳಿ

ದಾವಣಗೆರೆಯ ನಿಟ್ಟುವಳ್ಳಿಯಲ್ಲಿರುವ ನಮ್ಮ ಮನೆಗೆ ಕಳೆದ ವರ್ಷ ನಾಲ್ಕು ಸಿಸಿಟಿವಿ ಕ್ಯಾಮೆರಾ ಹಾಕಿಸಿದೆವು. ನನ್ನದು ಪಾಳಿಯ ಕೆಲಸವಾದ್ದರಿಂದ ರಾತ್ರಿ ಹೊತ್ತು ಅಮ್ಮ ಒಬ್ಬರೇ ಇರುತ್ತಾರೆ, ನಮ್ಮ ಬೀದಿಯಲ್ಲಿ ಎರಡು ಬೈಕುಗಳೂ ಕಳುವಾಗಿದ್ದವು. ಕ್ಯಾಮೆರಾ ಅಂಗಡಿಯಿಂದ ಕೆಲಸಕ್ಕೆ ಬಂದ ಹುಡುಗ ಅಚ್ಚುಕಟ್ಟಾಗಿ ವೈರ್ ಎಳೆದು, ದೃಶ್ಯಗಳನ್ನು ದಾಖಲಿಸಿಡುವ ಡಿವಿಆರ್ ಪೆಟ್ಟಿಗೆಯ ಅಡಿಯಲ್ಲಿದ್ದ ಕ್ಯೂಆರ್ ಚೀಟಿಯನ್ನು ಮೊದಲು ತನ್ನ ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ, ಆಮೇಲೆ ನನ್ನ ಮೊಬೈಲಿಗೂ ಚಿತ್ರ ಬರುವಂತೆ ಮಾಡಿಕೊಟ್ಟ. ಚಿತ್ರ ಬಂತು, ನಾನು ಹಣ ಕೊಟ್ಟೆ. ಎಡವಟ್ಟಾದದ್ದು ಅಲ್ಲೇ ಎಂದು ತಿಳಿಯಲು ಎಂಟು ತಿಂಗಳು ಹಿಡಿಯಿತು.

ಒಂದು ದಿನ ಪರಿಚಯದವರೊಬ್ಬರು ಫೋನ್ ಮಾಡಿ, ‘ನಿಮ್ಮ ತಾಯಿಯವರು ಆ ಅಂಗಡಿಯವರ ವಾಟ್ಸಾಪ್ ಸ್ಟೇಟಸ್‌ನಲ್ಲಿ ಕಾಣುತ್ತಿದ್ದಾರಲ್ಲ’ ಎಂದರು. ಕತ್ತಲಲ್ಲೂ ಬಣ್ಣದ ಚಿತ್ರ ಎಷ್ಟು ಸ್ಪಷ್ಟವಾಗಿ ಮೂಡುತ್ತದೆ ಎಂದು ಗಿರಾಕಿಗಳಿಗೆ ತೋರಿಸಲು ನಮ್ಮ ಅಂಗಳದ ವಿಡಿಯೊವನ್ನೇ ಹಾಕಿಕೊಂಡಿದ್ದರು. ನೈಟಿಯ ಮೇಲೊಂದು ಟವಲ್ ಹೊದ್ದು ಹೊರಬಂದ ಅಮ್ಮ, ನಾನು ತಡವಾಗಿ ಬರುತ್ತೇನೆಂದು ಬೀಗದ ಕೈಯನ್ನು ತುಳಸಿ ಕಟ್ಟೆಯ ಗೂಡಿನಲ್ಲಿಟ್ಟು, ಅತ್ತಿತ್ತ ನೋಡಿ ಒಳಗೆ ಹೋಗುವುದು ಅದರಲ್ಲಿ ಸ್ಪಷ್ಟವಾಗಿತ್ತು. ಕಳ್ಳರಿಗೆಂದು ಹಾಕಿಸಿದ ಕ್ಯಾಮೆರಾ ಬೀಗದ ಕೈ ಇರುವ ಜಾಗವನ್ನೇ ಊರಿಗೆಲ್ಲ ತೋರಿಸಿತ್ತು. ಅಮ್ಮನಿಗೆ ಮಾತ್ರ ಬೀಗದ ಕೈಗಿಂತ ನೈಟಿಯದೇ ಸಂಕಟ.

ಅಂಗಡಿಗೆ ಹೋಗಿ ಕೇಳಿದಾಗ ಸ್ಟೇಟಸ್ ಅಳಿಸಿದರು, ಆದರೆ ಅದರಲ್ಲೇನು ತಪ್ಪು ಎಂಬುದು ಅವರ ಮುಖದಲ್ಲಿತ್ತು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪಿತ್ತದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ್ದ ಪ್ರಕರಣದಲ್ಲಿಯೇ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಮಿನಲ್ಲಿ ಮೂರು ವರ್ಷದವರೆಗೆ ಸೆರೆವಾಸ ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಎಂದಿದೆಯಾದರೂ ಅದು ದೇಹದ ಗುಪ್ತಾಂಗಗಳ ಚಿತ್ರಕ್ಕೆ ಸಂಬಂಧಿಸಿದ್ದು. ನಮ್ಮ ಅಂಗಳದ ದೃಶ್ಯ ಅದರೊಳಗೆ ಬರುವುದಿಲ್ಲ.

ನಮ್ಮ ಡಿವಿಆರ್‌ನ ಪಾಸ್‌ವರ್ಡ್ ಬದಲಿಸಿದರೂ ಅದು ಮೊದಲು ಸ್ಕ್ಯಾನ್ ಮಾಡಿದ ಆ ಹುಡುಗನ ಆ್ಯಪ್ ಖಾತೆಯಲ್ಲೇ ಉಳಿದಿತ್ತು, ನನ್ನ ಮೊಬೈಲಿಗೆ ಬರುತ್ತಿದ್ದದ್ದು ಅವನು ಹಂಚಿಕೊಂಡ ಚಿತ್ರ ಮಾತ್ರ. ಅವನನ್ನೇ ಮನೆಗೆ ಕರೆಸಿ, ನನ್ನ ಎದುರಿಗೇ ಅವನ ಆ್ಯಪ್‌ನಿಂದ ನಮ್ಮ ಡಿವೈಸನ್ನು ತೆಗೆಸಿ, ನನ್ನ ಖಾತೆಗೆ ಹೊಸದಾಗಿ ಸೇರಿಸಿಕೊಂಡೆ. ಆದ್ದರಿಂದ ಕ್ಯೂಆರ್ ಚೀಟಿಯನ್ನು ಮೊದಲು ನಿಮ್ಮ ಮೊಬೈಲಿನಲ್ಲಿಯೇ ಸ್ಕ್ಯಾನ್ ಮಾಡಿಸಿ, ಪಾಸ್‌ವರ್ಡನ್ನು ನೀವೇ ಒತ್ತಿ, ಅದಾದ ಮೇಲೆ ಹಣ ಕೊಡಿ. ಕ್ಯಾಮೆರಾದಲ್ಲಿ ಮೈಕ್ ಇದೆಯೇ ಎಂದೂ ಕೇಳಿ. ನಮ್ಮದರಲ್ಲಿ ಇತ್ತು, ಜಗುಲಿಯ ಮಾತೆಲ್ಲ ದಾಖಲಾಗುತ್ತಿತ್ತು.

ಇಷ್ಟೆಲ್ಲ ಆದ ಮೇಲೆ ಕುಳಿತು ನೋಡಿದರೆ, ಮೂರನೆಯ ಕ್ಯಾಮೆರಾದಲ್ಲಿ ಪಕ್ಕದ ಮನೆಯ ಬಟ್ಟೆ ಒಗೆಯುವ ಕಲ್ಲು ಮತ್ತು ಬಚ್ಚಲ ಬಾಗಿಲು ಕಾಣುತ್ತಿದ್ದವು. ಸೆಟ್ಟಿಂಗ್ಸ್‌ನಲ್ಲಿರುವ ಪ್ರೈವೆಸಿ ಮಾಸ್ಕ್‌ನಿಂದ ಅಷ್ಟು ಭಾಗವನ್ನು ಕಪ್ಪಾಗಿಸಿ, ಮೊಬೈಲನ್ನು ಅವರಿಗೆ ತೋರಿಸಲು ಹೋದೆ. ‘ಹೇಗೆ ಕೇಳುವುದು ಎಂದು ನಾವೂ ಇಷ್ಟು ದಿನ ಸುಮ್ಮನಿದ್ದೆವು’ ಎಂದರು.