ಮೂರು ಪದರದ ಕಾಳಿನ ಚೀಲ: ಮೂರು ಸುಗ್ಗಿ ಬಳಸಿದ ಮೇಲೆ

ಆರು ತಿಂಗಳು ಕಟ್ಟಿಟ್ಟಿದ್ದ ಅಲಸಂದೆ ಚೀಲದ ದಾರ ಬಿಚ್ಚುವಾಗ ನನಗೆ ನಿಜವಾಗಲೂ ಭಯ ಇತ್ತು. ಅದರ ಹಿಂದಿನ ವರ್ಷ ಇದೇ ಹೊತ್ತಿಗೆ ಗೋಣಿಚೀಲ ಬಿಚ್ಚಿದ್ದೆ, ಕೈಗೆ ಬಂದದ್ದು ಬರೀ ಪುಡಿ. ಒಂದೊಂದು ಕಾಳಿಗೂ ಮೂರು ನಾಲ್ಕು ತೂತು, ಚೀಲದ ಮೇಲೆಲ್ಲ ಹರಿದಾಡುವ ಕಂದು ಹುಳ. ಈ ಸಲ ಹೊರಗಿನ ಚೀಲ ಬಿಚ್ಚಿದೆ, ಅದರ ಒಳಗಿನದು ಬಿಚ್ಚಿದೆ, ಅದಕ್ಕೂ ಒಳಗಿನದನ್ನು ಬಿಚ್ಚಿ ಮೊಣಕೈವರೆಗೆ ಕೈ ಇಳಿಸಿ ಒಂದು ಬೊಗಸೆ ತೆಗೆದೆ. ಕಟ್ಟಿದ ದಿನ ಹೇಗಿತ್ತೋ ಹಾಗೇ ಇತ್ತು. ಮುಗ್ಗಲು ವಾಸನೆ ಇಲ್ಲ, ಪುಡಿ ಇಲ್ಲ. ಪೂರ್ತಿ ಸುರಿದಾಗ ತಳದಲ್ಲಿ ನಾಲ್ಕೈದು ಸತ್ತ ಹುಳ ಸಿಕ್ಕವು, ಒಣಗಿ ಹೊಟ್ಟಿನಷ್ಟು ಹಗುರಾಗಿದ್ದವು. ಪಕ್ಕದ ಮನೆಯ ಅಜ್ಜಿ ಕಾಳನ್ನು ಅಂಗೈಯಲ್ಲಿ ಹೊರಳಿಸಿ ನೋಡಿ, "ಗುಳಿಗೆ ಹಾಕಿಲ್ವೇನಪ್ಪಾ?" ಅಂದರು. "ಇಲ್ಲ ಅಜ್ಜಿ, ಏನೂ ಹಾಕಿಲ್ಲ" ಅಂದೆ. ಅವರು ನಂಬಲಿಲ್ಲ, ಮತ್ತೊಮ್ಮೆ ಮೂಸಿ ನೋಡಿದರು.

ನಾನು ಹೇಳುತ್ತಿರುವುದು ಪಿಕ್ಸ್ (PICS) ಚೀಲದ ಬಗ್ಗೆ, ಪೂರ್ತಿ ಹೆಸರು ಪರ್ಡ್ಯೂ ಇಂಪ್ರೂವ್ಡ್ ಕ್ರಾಪ್ ಸ್ಟೋರೇಜ್. ಹೊರಗೆ ಗಟ್ಟಿ ನೇಯ್ಗೆಯ ಪ್ಲಾಸ್ಟಿಕ್ ಚೀಲ, ಒಳಗೆ ಒಂದರೊಳಗೊಂದು ಕೂರುವ ಎರಡು ದಪ್ಪ ಪಾಲಿಥಿನ್ ಚೀಲ. ಇಷ್ಟೇ. ಮೋಟಾರ್ ಇಲ್ಲ, ಕರೆಂಟ್ ಬೇಡ, ಔಷಧ ಬೇಡ. ಮೊದಲ ಸಲ ನೋಡಿದಾಗ ಇದರಲ್ಲಿ ಏನಿದೆ ಮಹಾ ಅಂತ ನನಗೂ ಅನಿಸಿತ್ತು.

ಇದರ ಹಿಂದಿನ ಕಥೆ ತಿಳಿದ ಮೇಲೆ ಗೌರವ ಜಾಸ್ತಿ ಆಯಿತು. 1980ರ ದಶಕದ ಕೊನೆಯಲ್ಲಿ ಆಫ್ರಿಕಾದ ಕ್ಯಾಮರೂನ್‌ನಲ್ಲಿ ಅಲಸಂದೆ ಬೆಳೆಯುವ ಸಣ್ಣ ರೈತರಿಗೆ ಹುಳದ ಕಾಟದಿಂದ ಪಾರಾಗುವ ದಾರಿ ಹುಡುಕುತ್ತಿದ್ದಾಗ, ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಕೀಟ ವಿಜ್ಞಾನಿ ಲ್ಯಾರಿ ಮರ್ಡಾಕ್ ಮತ್ತು ಕ್ಯಾಮರೂನ್‌ನ ಸಂಶೋಧಕರು ಸೇರಿ ಮಾಡಿದ ಕೆಲಸ ಇದು. ಹೆಸರಿನಲ್ಲೂ ಮೊದಲು 'ಕ್ರಾಪ್' (ಬೆಳೆ) ಬದಲು 'ಕೌಪೀ', ಅಂದರೆ ಅಲಸಂದೆಯೇ ಇತ್ತು. ಬೇರೆ ಕಾಳು, ಮೆಕ್ಕೆಜೋಳಕ್ಕೂ ನಡೆಯುತ್ತದೆ ಅಂತ ಗೊತ್ತಾದ ಮೇಲೆ ಹೆಸರನ್ನು ಎಲ್ಲ ಬೆಳೆಗೂ ಹೊಂದುವ ಹಾಗೆ ಬದಲಾಯಿಸಿದರು. 2007ರಲ್ಲಿ ಗೇಟ್ಸ್ ಫೌಂಡೇಶನ್‌ನ ಹಣ ಬಂತು. ಆಮೇಲೆ ನೈಜರ್, ನೈಜೀರಿಯಾ, ಬುರ್ಕಿನಾ ಫಾಸೊ ಹೀಗೆ ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಹಳ್ಳಿಗಳಿಗೆ ಹೋಯಿತು.

ಅದು ಕೆಲಸ ಮಾಡುವ ರೀತಿ ನನಗೆ ತುಂಬಾ ಇಷ್ಟ. ಕಾಳಿನ ಹುಳ ನೀರು ಕುಡಿಯುವುದಿಲ್ಲ, ಒಣಗಿದ ಕಾಳಿನಲ್ಲಿ ಕುಡಿಯೋಕೆ ನೀರು ಎಲ್ಲಿದೆ ಹೇಳಿ. ತಿಂದ ಹಿಟ್ಟನ್ನು ಆಮ್ಲಜನಕದ ಜೊತೆ ಅರಗಿಸಿಕೊಳ್ಳುವಾಗ ಅದರ ಮೈಯೊಳಗೇ ಹುಟ್ಟುವ ನೀರೇ ಅದಕ್ಕೆ ಆಧಾರ. ಚೀಲದ ಬಾಯಿ ಬಿಗಿಯಾಗಿ ಕಟ್ಟಿದರೆ ಒಳಗಿನ ಹುಳಗಳೇ ಉಸಿರಾಡಿ ಉಸಿರಾಡಿ ಇರುವ ಆಮ್ಲಜನಕವನ್ನು ಖಾಲಿ ಮಾಡುತ್ತವೆ. ಹೊರಗಿನಿಂದ ಹೊಸ ಗಾಳಿ ಬರುವುದಿಲ್ಲ. ಮೊದಲು ತಿನ್ನುವುದು ನಿಲ್ಲುತ್ತದೆ, ಮೊಟ್ಟೆ ಇಡುವುದು ನಿಲ್ಲುತ್ತದೆ, ಆಮೇಲೆ ನೀರಿಲ್ಲದೆ ಒಣಗಿ ಸಾಯುತ್ತವೆ. ಚೀಲದ ತಳದಲ್ಲಿ ಸಿಕ್ಕ ಹಗುರ ಹುಳಗಳ ಅರ್ಥ ಆಗ ಗೊತ್ತಾಯಿತು.

ಗುಳಿಗೆಯ ವಿಷಯವನ್ನೂ ಹೇಳಲೇಬೇಕು. ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಯಿಂದ ಬರುವ ಫಾಸ್ಫೀನ್ ಗಾಳಿ ಹುಳವನ್ನು ಕೊಲ್ಲುತ್ತದೆ ನಿಜ, ಆದರೆ ಅದೇ ಕೋಣೆಯಲ್ಲಿ ಮಲಗಿದ ಮಗುವನ್ನೂ ಕೊಲ್ಲಬಲ್ಲದು. ಕಾಳು ಇಡುವ ಜಾಗ, ಮಲಗುವ ಜಾಗ ಎರಡೂ ಒಂದೇ ಆಗಿರುವ ಮನೆಗಳು ಎಷ್ಟಿಲ್ಲ? ನಾನು ಈ ಚೀಲಕ್ಕೆ ಬದಲಾಗಿದ್ದಕ್ಕೆ ಹುಳಕ್ಕಿಂತ ದೊಡ್ಡ ಕಾರಣ ಅದೇ.

ಈಗ ಬಳಕೆಗೆ ಬರುತ್ತೇನೆ, ಯಾಕೆಂದರೆ ಚೀಲ ಸರಿಯಿದ್ದರೂ ಬಳಸುವಾಗ ತಪ್ಪಾದರೆ ಎಲ್ಲ ಹಾಳು. ಮೊದಲನೇದು ಒಣಗಿಸುವುದು. ಹಸಿ ಕಾಳನ್ನು ಈ ಚೀಲಕ್ಕೆ ತುಂಬಿದರೆ ತೇವ ಹೊರಗೆ ಹೋಗೋಕೆ ದಾರಿಯೇ ಇರುವುದಿಲ್ಲ, ಕಾಳು ಕೆಡುತ್ತದೆ. ಸರಿಯಾಗಿ ಒಣಗದ ಧಾನ್ಯದಲ್ಲಿ ಬೆಳೆಯುವ ಬೂಷ್ಟಿನ ವಿಷ, ಅಫ್ಲಾಟಾಕ್ಸಿನ್, ಎಂಥದ್ದು ಅನ್ನುವುದಕ್ಕೆ 2004ರಲ್ಲಿ ಕೀನ್ಯಾದಲ್ಲಿ ಆಗಿದ್ದನ್ನು ನೆನಪಿಸಿಕೊಳ್ಳಿ. ಹಾಳಾದ ಮೆಕ್ಕೆಜೋಳ ತಿಂದು 317 ಜನ ಕಾಯಿಲೆ ಬಿದ್ದರು, 125 ಜನ ತೀರಿಕೊಂಡರು.

ತೇವ ಅಳೆಯುವ ಮೀಟರ್ ಇಲ್ಲದಿದ್ದರೆ ಉಪ್ಪಿನ ಪರೀಕ್ಷೆ ಮಾಡಿ. ಚೆನ್ನಾಗಿ ಒಣಗಿದ ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಭಾಗ ಕಾಳು ಹಾಕಿ, ಬಿಸಿಲಲ್ಲಿ ಒಣಗಿಸಿದ ಪುಡಿ ಉಪ್ಪು ಒಂದೆರಡು ಚಮಚ ಹಾಕಿ, ಮುಚ್ಚಳ ಮುಚ್ಚಿ ಒಂದು ನಿಮಿಷ ಕುಲುಕಿ, ಆಮೇಲೆ ಸ್ವಲ್ಪ ಹೊತ್ತು ಸುಮ್ನೆ ಬಿಡಿ. ಉಪ್ಪು ಬಾಟಲಿಯ ಒಳಗೋಡೆಗೆ ಅಂಟಿಕೊಂಡರೆ ಕಾಳು ಇನ್ನೂ ಹಸಿ. ಅಂಟದೆ ಕೆಳಗೆ ಬಿದ್ದರೆ ತೇವ ಶೇಕಡ 15ಕ್ಕಿಂತ ಕಡಿಮೆ ಇದೆ ಅಂತ. ನಾನು ಅಲ್ಲಿಗೇ ನಿಲ್ಲಿಸುವುದಿಲ್ಲ, ಶೇಕಡ 13ರ ಹತ್ತಿರ ಬರಲಿ ಅಂತ ಮತ್ತೆ ಒಂದೆರಡು ದಿನ ಬಿಸಿಲಿಗೆ ಹಾಕುತ್ತೇನೆ. ಸುಗ್ಗಿ ಹೊತ್ತಲ್ಲಿ ಮಳೆ ಹಿಡಿದರೆ ಇದೇ ದೊಡ್ಡ ತಲೆನೋವು. ಅದಕ್ಕೆ ಸೋಲಾರ್ ಬಬಲ್ ಡ್ರೈಯರ್ ಅನ್ನುವುದಿದೆ. ಫಿಲಿಪೈನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ, ಗ್ರೇನ್‌ಪ್ರೊ ಕಂಪನಿ, ಜರ್ಮನಿಯ ಹೋಹೆನ್‌ಹೈಮ್ ವಿಶ್ವವಿದ್ಯಾಲಯ ಸೇರಿ ಮಾಡಿದ್ದು. ಉದ್ದನೆಯ ಪ್ಲಾಸ್ಟಿಕ್ ಸುರಂಗ, ಸೋಲಾರ್ ಪ್ಯಾನೆಲ್‌ನಿಂದ ತಿರುಗುವ ಫ್ಯಾನ್. ಒಬ್ಬ ಸಣ್ಣ ರೈತನ ಕೈಗೆ ಎಟುಕುವ ವಸ್ತು ಅಲ್ಲ, ಗುಂಪಿಗೆ ಒಂದು ಇದ್ದರೆ ಸರಿ.

ಎರಡನೇದು ಕಟ್ಟುವುದು. ಒಳಚೀಲಗಳಲ್ಲಿ ತೂತು ಇದೆಯಾ ಅಂತ ಗಾಳಿ ತುಂಬಿ, ಬಾಯಿ ಹಿಡಿದು, ಒತ್ತಿ ನೋಡಬೇಕು. ಕಾಳು ತುಂಬುವಾಗ ಆಗಾಗ ಕುಲುಕಿ ಜಡಿಯಬೇಕು, ಖಾಲಿ ಜಾಗ ಇದ್ದಷ್ಟೂ ಗಾಳಿ ಉಳಿಯುತ್ತದೆ. ಒಳಗಿನ ಚೀಲದ ಬಾಯಿಯನ್ನು ಒತ್ತಿ ಗಾಳಿ ತೆಗೆದು, ತಿರುಚಿ, ಮಡಚಿ, ದಾರದಲ್ಲಿ ಬಿಗಿಯಬೇಕು. ಎರಡನೇದಕ್ಕೂ ಹಾಗೇ, ಹೊರಗಿನದಕ್ಕೂ ಹಾಗೇ. ಮೂರನ್ನೂ ಸೇರಿಸಿ ಒಂದೇ ಗಂಟು ಹಾಕುವವರನ್ನು ನೋಡಿದ್ದೇನೆ, ದಯವಿಟ್ಟು ಹಾಗೆ ಮಾಡಬೇಡಿ. ಕಟ್ಟಿದ ಮೇಲೆ ಪದೇ ಪದೇ ಬಿಚ್ಚಬಾರದು, ಪ್ರತಿ ಸಲ ಬಿಚ್ಚಿದಾಗಲೂ ಹುಳಕ್ಕೆ ಹೊಸ ಉಸಿರು ಕೊಟ್ಟ ಹಾಗೆ. ದಿನದ ಬಳಕೆಗೆ ಬೇಕಾದ್ದನ್ನು ಬೇರೆ ಚಿಕ್ಕ ಡಬ್ಬದಲ್ಲಿ ಇಟ್ಟುಕೊಳ್ಳಿ.

ಕೊರತೆಗಳೂ ಇವೆ. ಇಲಿ ಕಚ್ಚಿದರೆ ಮುಗಿಯಿತು, ಅದಕ್ಕೆ ಹಲಗೆಯ ಮೇಲೆ, ಗೋಡೆಯಿಂದ ದೂರ ಇಡಬೇಕು. ಮೆಕ್ಕೆಜೋಳವನ್ನು ಕಾಡುವ ಒಂದು ಜಾತಿಯ ಕೊರೆಯುವ ಹುಳ, ಮಧ್ಯ ಅಮೆರಿಕದಿಂದ ಆಫ್ರಿಕಾಕ್ಕೆ ಹೋದದ್ದು, ಪಾಲಿಥಿನ್ ಅನ್ನೇ ಕೊರೆಯಬಲ್ಲದು. ನನ್ನ ಒಂದು ಒಳಚೀಲ ಎರಡನೇ ಸುಗ್ಗಿಗೇ ಮಡಿಕೆಯಲ್ಲಿ ಸೀಳಿತು, ಉಳಿದವು ಮೂರನೇ ಸುಗ್ಗಿಗೂ ಬಂದಿವೆ. ಒಬ್ಬ ವ್ಯಾಪಾರಿಯಿಂದ ತಂದ ಚೀಲದಲ್ಲಿ ಒಳಪದರ ಒಂದೇ ಇತ್ತು, ಅದೂ ಕೈಯಲ್ಲಿ ಎಳೆದರೆ ಹಿಗ್ಗುವಷ್ಟು ತೆಳು. ಮನೆಗೆ ಬಂದು ಬಿಚ್ಚಿದ ಮೇಲೆ ಗೊತ್ತಾಯಿತು. ಅಂಗಡಿಯಲ್ಲೇ ಎರಡೂ ಒಳಚೀಲ ಹೊರಗೆ ಎಳೆದು ನೋಡಿ, ಮುಜುಗರ ಪಡಬೇಡಿ.

ಆದರೆ ನನ್ನ ದೊಡ್ಡ ಬೇಸರ ಚೀಲದ ಮೇಲಲ್ಲ, ಅದನ್ನು ನಮಗೆ ತಲುಪಿಸಿದ ರೀತಿಯ ಮೇಲೆ. ಮೊದಲ ವರ್ಷ ಒಂದು ಸಂಸ್ಥೆಯವರು ಬಂದು ಪುಕ್ಕಟೆ ಹಂಚಿದರು, ಫೋಟೋ ತೆಗೆದರು, ಹೋದರು. ಹೇಗೆ ಕಟ್ಟಬೇಕು ಅಂತ ತೋರಿಸಿದ್ದು ಹತ್ತು ನಿಮಿಷ. ಕಾಳು ಒಣಗಿಸುವವರು, ತುಂಬುವವರು, ಕಾಯುವವರು ಮನೆಯ ಹೆಂಗಸರು, ಅವರನ್ನು ಆ ಸಭೆಗೆ ಕರೆದೇ ಇರಲಿಲ್ಲ. ಕೆಲವರು ಆ ಚೀಲದಲ್ಲಿ ಗೊಬ್ಬರ ತುಂಬಿದರು. ಎರಡನೇ ವರ್ಷ ದುಡ್ಡು ಕೊಡುತ್ತೇವೆ, ಚೀಲ ಎಲ್ಲಿ ಸಿಗುತ್ತದೆ ಅಂತ ಕೇಳಿದರೆ ಪ್ರಾಜೆಕ್ಟ್ ಮುಗಿಯಿತು ಅಂದರು.

ಪಶ್ಚಿಮ ಆಫ್ರಿಕಾದಲ್ಲಿ ಇದನ್ನು ಬೇರೆ ರೀತಿ ಮಾಡಿದ್ದರು. ಊರಿನ ಕೆಲವರ ಕಾಳನ್ನು ಎಲ್ಲರ ಕಣ್ಣೆದುರೇ ತುಂಬಿ ಕಟ್ಟಿಸಿ, ತಿಂಗಳುಗಟ್ಟಲೆ ಆದ ಮೇಲೆ ಊರನ್ನೇ ಸೇರಿಸಿ ಎಲ್ಲರೆದುರು ಬಿಚ್ಚುತ್ತಿದ್ದರು. ಜೊತೆಗೆ ಆಯಾ ದೇಶದ ಕಾರ್ಖಾನೆಗಳಲ್ಲೇ ಚೀಲ ತಯಾರಿಸಲು, ವ್ಯಾಪಾರಿಗಳು ಮಾರಲು ವ್ಯವಸ್ಥೆ ಮಾಡಿದರು. ಅಂಗಡಿಯಲ್ಲಿ ಸಿಗುವ ವಸ್ತು ಆದರೆ ತಾನೆ ಮುಂದಿನ ವರ್ಷವೂ ಸಿಗುವುದು, ಅಲ್ವಾ? ಸುಗ್ಗಿಯ ನಂತರ ಅಂಗಡಿಗೆ ತಲುಪುವುದರೊಳಗೆ ಜಗತ್ತಿನ ಆಹಾರದಲ್ಲಿ ಸುಮಾರು ಶೇಕಡ 14 ನಷ್ಟವಾಗುತ್ತದೆ ಅಂತ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2019ರಲ್ಲಿ ಲೆಕ್ಕ ಕೊಟ್ಟಿತ್ತು. ಒಂದು ಸಲ ಹಂಚಿ ಹೋಗುವುದರಿಂದ ಆ ನಷ್ಟ ತಗ್ಗುವುದಿಲ್ಲ.

ಇಷ್ಟೆಲ್ಲ ಹೇಳಿಯೂ ಕೊಳ್ಳಬೇಕಾ ಅಂತ ಕೇಳಿದರೆ, ಕೊಳ್ಳಿ. ಸುಗ್ಗಿಯಾದ ಕೂಡಲೇ ಬಂದ ಬೆಲೆಗೆ ಮಾರಿ, ಆರು ತಿಂಗಳಾದ ಮೇಲೆ ಅದೇ ಕಾಳನ್ನು ಜಾಸ್ತಿ ಕೊಟ್ಟು ತರುವ ಕಷ್ಟ ಗೊತ್ತಿರುವವರಿಗೆ ಇದು ದೊಡ್ಡ ಆಸರೆ. ಹುಳಕ್ಕೆ ಹೆದರಿ ಮಾರುವುದು ತಪ್ಪುತ್ತದೆ. ಈ ಸಲ ಐದು ಚೀಲ ಕಟ್ಟಿದ್ದೇವೆ. ಮೂರು ಮನೆಗೆ, ಒಂದು ಮಾರೋಕೆ, ಒಂದು ಬೀಜಕ್ಕೆ. ಹೋದ ವರ್ಷ ಈ ಚೀಲದಲ್ಲೇ ಇಟ್ಟ ಬೀಜ ಚೆನ್ನಾಗಿ ಮೊಳೆತಿತ್ತು. ಐದರ ಮೇಲೂ ಕಟ್ಟಿದ ತಾರೀಕು ಬರೆದಿದೆ. ಕೊನೆಯ ಎರಡನ್ನು ಕಟ್ಟಿದ್ದು ಪಕ್ಕದ ಮನೆಯ ಅಜ್ಜಿ, ಮೂರು ಬಾಯಿಗೂ ಬೇರೆ ಬೇರೆ ಗಂಟು ಹಾಕಿ.